ಹಳೆಯ ಮೋಟಾರ್ ಸೈಕಲ್ಲಿನ ಲೋಹ: ಉಜ್ಜುವ ಮೊದಲು ಕಲಿಯಬೇಕಾದ ಪಾಠ



ವಾರ್ಷಿಕ ವರದಿಯಲ್ಲಿ ಜಮಾ-ಖರ್ಚಿನ ಪಟ್ಟಿ, ಅರ್ಜಿಯ ಸೂಚನೆಗಳ ಜೊತೆಗೆ ಮನೆಮಂದಿಯೆಲ್ಲ ಕೂತು ಓದಬಹುದಾದ ಒಂದು ಪಾಠವನ್ನೂ ಕೊಡುವುದು ನಮ್ಮ ರೂಢಿ. ಈ ಸಲದ ಪಾಠಕ್ಕೆ ನಾವು ಆರಿಸಿಕೊಂಡಿರುವುದು ಹಳೆಯ ಮೋಟಾರ್ ಸೈಕಲ್ಲಿನ ಲೋಹದ ಭಾಗಗಳನ್ನು ಶುಚಿಗೊಳಿಸಿ ಹೊಳಪು ಕೊಡುವ ಕೆಲಸ. ಇಂಥ ವರದಿಗೆ ಇದೇಕೆ ಎಂದು ಕೆಲವರು ಕೇಳಬಹುದು. ತುಮಕೂರು, ಗುಬ್ಬಿ, ಕುಣಿಗಲ್ಲಿನ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ಮನೆ ನಡೆಯುವುದು ಗ್ಯಾರೇಜು, ವೆಲ್ಡಿಂಗ್, ಗುಜರಿ ಅಂಗಡಿ, ಬಫಿಂಗ್, ಕಲಾಯಿ ಕೆಲಸಗಳಿಂದ. ಅದೇ ಮಕ್ಕಳು ಹತ್ತನೇ ತರಗತಿಯಲ್ಲಿ ‘ಲೋಹಗಳು ಮತ್ತು ಅಲೋಹಗಳು’ ಎಂಬ ಪಾಠ ಓದುತ್ತಾರೆ. ಪುಸ್ತಕದ ಪಾಠಕ್ಕೂ ಅಪ್ಪನ ಕೈಯಲ್ಲಿರುವ ಚಿಂದಿ ಬಟ್ಟೆಗೂ ಸಂಬಂಧ ಇದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಆ ಸಂಬಂಧವನ್ನು ತೋರಿಸುವುದೇ ಈ ಪಾಠದ ಉದ್ದೇಶ.

ಹೇಳಬೇಕಾದ ಮಾತು ಒಂದೇ. ಹೊಳಪು ಕೊಡುವುದೆಂದರೆ ಲೋಹಕ್ಕೆ ಏನನ್ನೋ ಸೇರಿಸುವುದಲ್ಲ, ಲೋಹದ ಮೇಲ್ಪದರವನ್ನು ಸ್ವಲ್ಪ ಸ್ವಲ್ಪವಾಗಿ ಕಳೆಯುವುದು. ಕಳೆದದ್ದು ಮರಳಿ ಬರುವುದಿಲ್ಲ. ಆದ್ದರಿಂದ ಕೈಯಲ್ಲಿರುವುದು ಯಾವ ಲೋಹ, ಅದರ ಮೇಲ್ಪದರ ಎಷ್ಟು ದಪ್ಪ ಎಂದು ತಿಳಿಯದೆ ಉಜ್ಜಬಾರದು.

ಉದಾಹರಣೆಗೆ ಒಂದು ಗಾಡಿ

ಪಾಠಕ್ಕೆ ಒಂದು ಗಾಡಿ ಬೇಕಲ್ಲ, ನಮ್ಮ ನಾಡಿನಲ್ಲೇ ತಯಾರಾದದ್ದನ್ನು ತೆಗೆದುಕೊಳ್ಳೋಣ. ಜಾವಾ ಎಂಬುದು ಮೂಲತಃ ಚೆಕೊಸ್ಲೊವಾಕಿಯಾದ ಹೆಸರು. 1929ರಲ್ಲಿ ಪ್ರಾಗ್ ನಗರದಲ್ಲಿ ಯಾನೆಚೆಕ್ ಎಂಬುವರು ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡರು; ಎರಡೂ ಹೆಸರುಗಳ ಮೊದಲ ಅಕ್ಷರಗಳು ಸೇರಿ ‘ಜಾವಾ’ ಆಯಿತು. ಇರಾನಿ ಕುಟುಂಬದವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ, ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. 1970ರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮೈಸೂರಿನಿಂದ ಕುಣಿಗಲ್ ಮಾರ್ಗವಾಗಿ ತುಮಕೂರಿಗೆ ಬಂದ ಜಾವಾ, ಯೆಜ್ಡಿಗಳಲ್ಲಿ ಕೆಲವು ಇಂದಿಗೂ ತೋಟದ ಮನೆಗಳಲ್ಲಿ, ಹಳೆಯ ಗ್ಯಾರೇಜುಗಳ ಮೂಲೆಯಲ್ಲಿ ನಿಂತಿವೆ.

ಒಂದೇ ಗಾಡಿಯಲ್ಲಿ ಎಷ್ಟು ಬಗೆಯ ಲೋಹ ಇದೆ ನೋಡಿ. ಹ್ಯಾಂಡಲ್, ಚಕ್ರದ ರಿಮ್ಮು, ಜೋಡಿ ಸೈಲೆನ್ಸರು, ಹಳೆಯ ಜಾವಾದ ಟ್ಯಾಂಕಿನ ಎರಡು ಪಕ್ಕದ ಹೊಳೆಯುವ ಭಾಗ, ಇವೆಲ್ಲ ಉಕ್ಕಿನ ಮೇಲೆ ಕ್ರೋಮಿಯಂ ಲೇಪ. ಎಂಜಿನ್ನಿನ ಎರಡು ಬದಿಯ ಕವರುಗಳು, ಚಕ್ರದ ಮಧ್ಯದ ಹಬ್ಬು ಅಲ್ಯೂಮಿನಿಯಂ ಎರಕ. ಕಾರ್ಬೊರೇಟರಿನ ಒಳಗಿನ ಜೆಟ್ಟು ಹಿತ್ತಾಳೆ, ಅದರ ಹೊರಮೈ ಸತುವಿನ ಮಿಶ್ರಲೋಹ. ನಟ್ಟು, ಬೋಲ್ಟುಗಳಲ್ಲಿ ಕೆಲವಕ್ಕೆ ಸತುವಿನ ಲೇಪ, ಕೆಲವು ಬರಿಯ ಉಕ್ಕು. ಕಣ್ಣಿಗೆ ಎಲ್ಲವೂ ‘ಬೆಳ್ಳಗೆ ಹೊಳೆಯುವ ಕಬ್ಬಿಣ’ದಂತೆಯೇ ಕಂಡರೂ ಒಂದಕ್ಕೆ ಒಳ್ಳೆಯದಾದ ಔಷಧಿ ಇನ್ನೊಂದಕ್ಕೆ ವಿಷ.

ಗುರುತಿಸುವ ಮೂರು ಪರೀಕ್ಷೆ

ಮೊದಲನೆಯದು ಅಯಸ್ಕಾಂತ. ಹಳೆಯ ಸ್ಪೀಕರಿನಿಂದ ತೆಗೆದ ಒಂದು ತುಂಡು ಸಾಕು. ಗೀರು ಬೀಳದಂತೆ ಅದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಭಾಗಕ್ಕೆ ತಾಗಿಸಿ. ಅಂಟಿಕೊಂಡರೆ ಒಳಗೆ ಉಕ್ಕಿದೆ. ಅಲ್ಯೂಮಿನಿಯಂ, ಹಿತ್ತಾಳೆ, ಸತುವಿನ ಎರಕ ಅಂಟುವುದಿಲ್ಲ.

ಎರಡನೆಯದು ಬಣ್ಣ. ಕ್ರೋಮಿಯಂ ಹೊಳಪಿನಲ್ಲಿ ಸ್ವಲ್ಪ ನೀಲಿ ಛಾಯೆ ಇರುತ್ತದೆ, ಕನ್ನಡಿಯಂತೆ ಮುಖ ಕಾಣುತ್ತದೆ. ಅಲ್ಯೂಮಿನಿಯಂ ಎಷ್ಟು ಹೊಳೆದರೂ ಹಾಲಿನಂಥ ಬಿಳುಪು. ಕ್ರೋಮಿಯಂ ಸವೆದ ಕಡೆ ತುಸು ಹಳದಿ ಕಂಡರೆ ಕೆಳಗಿನ ನಿಕ್ಕಲ್ ಹೊರಬಂದಿದೆ ಎಂದರ್ಥ. ಅಲ್ಲಿ ಇನ್ನು ಉಜ್ಜುವ ಹಾಗಿಲ್ಲ.

ಮೂರನೆಯದು ಬಟ್ಟೆ. ಬಿಳಿ ಬಟ್ಟೆಗೆ ಒಂದು ತೊಟ್ಟು ಬ್ರಾಸೊ ಹಾಕಿ ಕಣ್ಣಿಗೆ ಬೀಳದ ಮೂಲೆಯಲ್ಲಿ ಮೆಲ್ಲಗೆ ತಿಕ್ಕಿ. ತೊಳೆದು ಶುಚಿಯಾದ ಭಾಗವನ್ನು ತಿಕ್ಕಿದರೂ ಬಟ್ಟೆ ಬೇಗ ಕಪ್ಪಾದರೆ ಅದು ಬರಿಯ ಅಲ್ಯೂಮಿನಿಯಂ. ಆ ಕಪ್ಪು ಕೊಳೆಯಲ್ಲ, ಲೋಹದ ಪುಡಿಯೇ. ಬಟ್ಟೆ ಕಪ್ಪಾಗದಿದ್ದರೆ ಮೇಲೆ ವಾರ್ನಿಷ್ ಅಥವಾ ಆನೋಡೀಕರಣದ ಪದರ ಇರಬಹುದು. ಆ ಪದರವನ್ನು ಸೋಪಿನ ನೀರಿನಲ್ಲಿ ತೊಳೆದು ಒರೆಸಿ ಬಿಡಬೇಕು.

ಕ್ರೋಮಿಯಂ ಲೇಪದ ಗುಟ್ಟು

ನಮ್ಮ ತರಗತಿಗಳಲ್ಲಿ ಹುಡುಗರು ಸಾಮಾನ್ಯವಾಗಿ ಕೇಳುತ್ತಿದ್ದ ಪ್ರಶ್ನೆ ಇದು: ‘ಸಾರ್, ಕ್ರೋಮಿಯಂಗೆ ತುಕ್ಕು ಹಿಡಿಯಲ್ಲ ಅಂತೀರಿ, ಹಾಗಾದ್ರೆ ನಮ್ಮ ಗಾಡಿಯ ಹ್ಯಾಂಡಲ್‌ಗೆ ಯಾಕೆ ಹಿಡಿದಿದೆ?’

ಪ್ರಶ್ನೆ ಸರಿಯಾಗಿದೆ. ತುಕ್ಕು ಹಿಡಿದಿರುವುದು ಕ್ರೋಮಿಯಂಗೆ ಅಲ್ಲ, ಒಳಗಿನ ಉಕ್ಕಿಗೆ. ಲೇಪ ಪದರ ಪದರವಾಗಿ ಇರುತ್ತದೆ. ಉಕ್ಕಿನ ಮೇಲೆ ನಿಕ್ಕಲ್, ಕೆಲವೊಮ್ಮೆ ಅದಕ್ಕೂ ಕೆಳಗೆ ತಾಮ್ರ, ಎಲ್ಲಕ್ಕಿಂತ ಮೇಲೆ ಕ್ರೋಮಿಯಂ. ಅಲಂಕಾರಕ್ಕೆ ಹಾಕುವ ಕ್ರೋಮಿಯಂ ಪದರದ ದಪ್ಪ ಸಾಮಾನ್ಯವಾಗಿ ಅರ್ಧ ಮೈಕ್ರಾನಿಗೂ ಕಡಿಮೆ. ಮನುಷ್ಯನ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಅಂದರೆ ಕೂದಲಿನ ನೂರರಲ್ಲಿ ಒಂದು ಪಾಲಿನಷ್ಟೂ ಇಲ್ಲದ ಪದರ ಅದು. ಕ್ರೋಮಿಯಂ ಬಹಳ ಗಡಸು, ಆದರೆ ಬಹಳ ತೆಳು. ಅದರಲ್ಲಿ ಕಣ್ಣಿಗೆ ಕಾಣದ ಸೂಜಿಮೊನೆಯಷ್ಟು ರಂಧ್ರಗಳಿರುತ್ತವೆ. ಗಾಳಿ ಮತ್ತು ತೇವ ಆ ರಂಧ್ರಗಳಿಂದ ಇಳಿದು ಕಬ್ಬಿಣವನ್ನು ಮುಟ್ಟುತ್ತವೆ.

ಇಲ್ಲಿ ಪಠ್ಯಪುಸ್ತಕದ ಕ್ರಿಯಾಶೀಲತಾ ಸರಣಿಯನ್ನು ನೆನೆಯಿರಿ. ಸತು ಕಬ್ಬಿಣಕ್ಕಿಂತ ಮೇಲಿದೆ. ಸತುವಿನ ಲೇಪಕ್ಕೆ ಗೀರು ಬಿದ್ದರೂ ಸತುವೇ ಮೊದಲು ಕರಗಿ ಕಬ್ಬಿಣವನ್ನು ಕಾಯುತ್ತದೆ. ಮನೆಯ ಹಿರಿಯರು ತಾವು ಸವೆದು ಮಕ್ಕಳನ್ನು ಕಾಯುವ ಹಾಗೆ. ನಿಕ್ಕಲ್ ಕಬ್ಬಿಣಕ್ಕಿಂತ ಕೆಳಗಿದೆ. ಅಲ್ಲಿ ರಂಧ್ರ ಬಿದ್ದರೆ ನಿಕ್ಕಲ್ ಉಳಿದುಕೊಳ್ಳುತ್ತದೆ, ಸವೆಯುವುದು ಕಬ್ಬಿಣ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಅದು ಒಳಗಿನಿಂದ ಉಬ್ಬಿ ಲೇಪವನ್ನೇ ಎತ್ತುತ್ತದೆ. ಹ್ಯಾಂಡಲ್ ಮೇಲೆ ಮೊದಲು ಕಂದು ಚುಕ್ಕೆ, ಆಮೇಲೆ ಗುಳ್ಳೆ, ಕೊನೆಗೆ ಸಿಪ್ಪೆ ಏಳುವುದು ಹೀಗೆ. ಚುಕ್ಕೆಯ ಹಂತದಲ್ಲೇ ನೋಡಿಕೊಂಡರೆ ಗಾಡಿ ಹತ್ತಾರು ವರ್ಷ ಉಳಿಯುತ್ತದೆ.

ಕ್ರೋಮಿಯಂ ಭಾಗವನ್ನು ಶುಚಿಗೊಳಿಸುವ ಕ್ರಮ

ಮೊದಲು ಬರಿಯ ನೀರು ಸುರಿದು ಧೂಳು, ಮಣ್ಣು ಇಳಿಸಿ. ಒಣ ಧೂಳಿನ ಮೇಲೆ ಬಟ್ಟೆ ಎಳೆದರೆ ಮರಳಿನ ಕಣಗಳೇ ಎಮರಿ ಪೇಪರಿನಂತೆ ಗೀರು ಹಾಕುತ್ತವೆ. ಮಣ್ಣು ಇಳಿದ ಮೇಲೆ ಸೋಪಿನ ನೀರು, ಮೆತ್ತನೆಯ ಬಟ್ಟೆ. ನಮ್ಮ ಕಡೆ ತೆಂಗಿನ ನಾರಿಗೆ ಬರವಿಲ್ಲ. ಚಕ್ರದ ಕಡ್ಡಿಗಳ ಸಂದಿಗೆ, ಗ್ರೀಸು ಮೆತ್ತಿದ ಉಕ್ಕಿನ ಭಾಗಕ್ಕೆ ಅದು ಒಳ್ಳೆಯದು. ಆದರೆ ನಾರಿನಲ್ಲಿ ಮಣ್ಣು ಸೇರಿರುತ್ತದೆ, ಆದ್ದರಿಂದ ಹೊಳೆಯುವ ಮೈಗೆ ಅದನ್ನು ತಾಗಿಸಬೇಡಿ.

ಗ್ರೀಸು, ಎಣ್ಣೆಜಿಡ್ಡು ಇದ್ದರೆ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಒರೆಸಿ, ಆಮೇಲೆ ಸೋಪಿನಲ್ಲಿ ತೊಳೆಯಿರಿ. ಪೆಟ್ರೋಲ್ ಬೇಡ. ಅದರ ಆವಿ ನೆಲದ ಮಟ್ಟದಲ್ಲಿ ಹರಿದು ದೂರದ ಕಿಡಿಗೂ ಹೊತ್ತಿಕೊಳ್ಳುತ್ತದೆ.

ಕೊಳವೆಬಾವಿಯ ಗಡಸು ನೀರು ಒಣಗಿದಾಗ ಬಿಳಿ ಕಲೆ ಉಳಿಯುತ್ತದೆ. ಅದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ನೀರು ಬೆರೆಸಿದ ವಿನಿಗರ್ ಅಥವಾ ನಿಂಬೆರಸದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಕರಗುತ್ತದೆ. ಕೂಡಲೇ ಬೇರೆ ನೀರಿನಿಂದ ತೊಳೆದು ಪೂರ್ತಿ ಒಣಗಿಸಿ. ತೊಳೆದ ನೀರನ್ನು ಬಿಸಿಲಿಗೆ ಒಣಗಲು ಬಿಡದೆ ಬಟ್ಟೆಯಲ್ಲಿ ಒರೆಸಿಬಿಟ್ಟರೆ ಕಲೆಯೇ ಬೀಳುವುದಿಲ್ಲ.

ತುಕ್ಕಿನ ಸಣ್ಣ ಚುಕ್ಕೆಗಳಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು. ಒಂದು ತುಂಡನ್ನು ಉಂಡೆಮಾಡಿ, ನೀರಿನಲ್ಲಿ ಅದ್ದಿ, ಚುಕ್ಕೆಯ ಮೇಲೆ ಹಗುರವಾಗಿ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಯಂಗಿಂತ ಮೆದು. ತುಕ್ಕನ್ನು ಎಬ್ಬಿಸುತ್ತದೆ, ಲೇಪಕ್ಕೆ ಗೀರು ಹಾಕುವುದಿಲ್ಲ. ಕಂದು ರಾಡಿ ಬಂದರೆ ಒರೆಸಿ ನೋಡಿ, ಚುಕ್ಕೆ ಹೋದ ಕೂಡಲೇ ನಿಲ್ಲಿಸಿ. ಪಾತ್ರೆ ತಿಕ್ಕುವ ಒರಟು ಸ್ಟೀಲ್ ನಾರು, ಎಮರಿ ಪೇಪರ್, ಇಟ್ಟಿಗೆ ಪುಡಿ ಇವು ಮೂರೂ ಕ್ರೋಮಿಯಂಗೆ ನಿಷಿದ್ಧ. ಕೊನೆಯಲ್ಲಿ ಮೇಣದ ಪಾಲಿಷ್ ತೆಳುವಾಗಿ ಸವರಿ, ಒಣ ಬಟ್ಟೆಯಿಂದ ಒರೆಸಿ. ಆ ಸೂಜಿಮೊನೆ ರಂಧ್ರಗಳನ್ನು ಮುಚ್ಚುವುದು ಮೇಣವೇ. ಮೇಣ ಇಲ್ಲದಿದ್ದರೆ ಎಂಜಿನ್ ಆಯಿಲ್ ಒಂದೆರಡು ತೊಟ್ಟು ಸವರಿ ಒರೆಸಿದರೂ ಮಳೆಗಾಲ ದಾಟುತ್ತದೆ, ಆದರೆ ಧೂಳು ಹೆಚ್ಚು ಹಿಡಿಯುತ್ತದೆ. ಯಾವ ಎಣ್ಣೆಯೂ ಬ್ರೇಕಿನ ಹತ್ತಿರ, ಟಯರಿನ ಮೇಲೆ ಬೀಳಬಾರದು.

ಎಂಜಿನ್ನಿಗೆ ಸೇರುವ ಕಡೆ ಸೈಲೆನ್ಸರ್ ಕೊಳವೆ ನೀಲಿ, ಹಳದಿಯಾಗಿದ್ದರೆ ಅದು ಶಾಖದ ಗುರುತು. ತಿಕ್ಕಿ ಪೂರ್ತಿ ತೆಗೆಯಲು ಹೊರಟರೆ ಲೇಪ ಹೋಗುತ್ತದೆಯೇ ಹೊರತು ಬಣ್ಣ ಪೂರ್ತಿ ಹೋಗುವುದಿಲ್ಲ. ಅದನ್ನು ಗಾಡಿಯ ವಯಸ್ಸಿನ ಗುರುತು ಎಂದು ಬಿಟ್ಟುಬಿಡುವುದೇ ಲೇಸು.

ಅಲ್ಯೂಮಿನಿಯಂ: ಹುಳಿಯೂ ಆಗದು, ಕ್ಷಾರವೂ ಆಗದು

ಅಲ್ಯೂಮಿನಿಯಂ ಕ್ರಿಯಾಶೀಲತಾ ಸರಣಿಯಲ್ಲಿ ಕಬ್ಬಿಣಕ್ಕಿಂತ ಮೇಲಿದ್ದರೂ ಕಬ್ಬಿಣದಂತೆ ಕೊಳೆತು ಹೋಗುವುದಿಲ್ಲ. ಗಾಳಿ ಸೋಕಿದ ಕ್ಷಣವೇ ಅದರ ಮೇಲೆ ತೆಳುವಾದ ಗಟ್ಟಿ ಆಕ್ಸೈಡ್ ಪದರ ಕಟ್ಟುತ್ತದೆ, ಅದೇ ಒಳಗಿನ ಲೋಹಕ್ಕೆ ಕವಚ. ಆದರೆ ಈ ಆಕ್ಸೈಡ್ ಉಭಯಧರ್ಮಿ, ಅಂದರೆ ಆಮ್ಲದೊಂದಿಗೂ ವರ್ತಿಸುತ್ತದೆ, ಕ್ಷಾರದೊಂದಿಗೂ ವರ್ತಿಸುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆಯುವ ಈ ಉತ್ತರದ ಮೇಲೆ ಗ್ಯಾರೇಜಿನಲ್ಲಿ ಒಂದು ಎಂಜಿನ್ ಕವರಿನ ಬಾಳು ನಿಂತಿದೆ.

ಹಿತ್ತಾಳೆ ತಂಬಿಗೆಗೆ ಹುಣಸೆಹಣ್ಣು ಹಾಕಿ ತಿಕ್ಕುವುದನ್ನು ನಾವೆಲ್ಲ ನೋಡಿದ್ದೇವೆ. ಹುಣಸೆಯ ಟಾರ್ಟಾರಿಕ್ ಆಮ್ಲ ತಾಮ್ರದ ಕಿಲುಬನ್ನು ಕರಗಿಸುತ್ತದೆ, ಹಿತ್ತಾಳೆಗೆ ಅದು ಸರಿ. ಅದನ್ನೇ ಅಲ್ಯೂಮಿನಿಯಂ ಕವರಿಗೆ ಮೆತ್ತಿ ಬಿಟ್ಟರೆ ಮಂಕಾಗುತ್ತದೆ. ಒಲೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇದೆ, ನೀರು ಬೆರೆತರೆ ಕ್ಷಾರ. ಬಟ್ಟೆಸೋಡವೂ ಕ್ಷಾರ, ಕಾಸ್ಟಿಕ್ ಸೋಡ ಅದಕ್ಕಿಂತ ಪ್ರಬಲ. ಕಾಸ್ಟಿಕ್ ಸೋಡದ ದ್ರಾವಣಕ್ಕೆ ಅಲ್ಯೂಮಿನಿಯಂ ಬಿದ್ದರೆ ನೊರೆ ಉಕ್ಕಿ ಹೈಡ್ರೋಜನ್ ಹೊರಬರುತ್ತದೆ, ಲೋಹ ಕಣ್ಣೆದುರೇ ಕರಗುತ್ತದೆ. ಎರಡು ಸ್ಟ್ರೋಕಿನ ಗಾಡಿಗಳಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸುವುದರಿಂದ ಸೈಲೆನ್ಸರಿನೊಳಗೆ ಮಸಿ ಕಟ್ಟುತ್ತದೆ. ಅದನ್ನು ಬಿಡಿಸಲು ಹಳೆಯ ಮೆಕ್ಯಾನಿಕ್‌ಗಳು ಒಳಗಿನ ಉಕ್ಕಿನ ಕೊಳವೆಯನ್ನು ಕಾಸ್ಟಿಕ್ ಸೋಡದಲ್ಲಿ ನೆನೆಸುತ್ತಾರೆ. ಅದು ಉಕ್ಕಿಗೆ ಮಾತ್ರ ಸಲ್ಲುವ ವಿದ್ಯೆ. ಅಲ್ಯೂಮಿನಿಯಂಗೂ ಮನುಷ್ಯರ ಕಣ್ಣಿಗೂ ಅದು ಸಮಾನ ಶತ್ರು. ಮಕ್ಕಳ ಕೈಗೆ ಅದು ಸಿಗಬಾರದು.

ಹಾಗಾದರೆ ಅಲ್ಯೂಮಿನಿಯಂಗೆ ಏನು ಮಾಡಬೇಕು? ಮೊದಲು ಸೀಮೆಎಣ್ಣೆ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಎಣ್ಣೆಜಿಡ್ಡು ತೆಗೆದು, ಸೋಪಿನಲ್ಲಿ ತೊಳೆದು ಒಣಗಿಸಿ. ಕವರನ್ನು ಗಾಡಿಯಿಂದ ಬಿಚ್ಚಿದ್ದರೆ ಎಂಜಿನ್ನಿನ ತೆರೆದ ಬಾಯಿಗೆ ಶುಚಿಯಾದ ಬಟ್ಟೆ ಮುಚ್ಚಿ, ಪುಡಿ ಒಳಗೆ ಬಿದ್ದರೆ ಬೇರಿಂಗು ಹಾಳು. ಮಂಕು ಮಾತ್ರ ಇದ್ದರೆ ಬ್ರಾಸೊ ಅಥವಾ ಅಲ್ಯೂಮಿನಿಯಂ ಪಾಲಿಷ್ ಸಾಕು. ಆಳವಾದ ಗೀರು ಇದ್ದರೆ ಮಾತ್ರ ವಾಟರ್ ಪೇಪರ್. 600ರಿಂದ ಆರಂಭಿಸಿ 800, 1000, 1500, 2000 ಎಂದು ಏರಿಸಿಕೊಂಡು ಹೋಗಿ. ಸಂಖ್ಯೆ ಹೆಚ್ಚಿದಂತೆ ಕಾಗದ ನಯ. ಪ್ರತಿ ಸಲ ನೀರು ಹಾಕಿ, ಹಿಂದಿನ ಸಲದ ಗೆರೆಗಳಿಗೆ ಅಡ್ಡಲಾಗಿ ತಿಕ್ಕಿ. ಹಿಂದಿನ ಗೆರೆಗಳು ಪೂರ್ತಿ ಮಾಯವಾದ ಮೇಲೆ ಮುಂದಿನ ಕಾಗದ. ಮೆಟ್ಟಿಲು ಹಾರಿದರೆ ಆ ಗೆರೆ ಕೊನೆಯ ಹೊಳಪಿನಲ್ಲಿ ಎದ್ದು ಕಾಣುತ್ತದೆ. ಒಂದೊಂದೇ ತರಗತಿ ಪಾಸಾಗಿ ಮುಂದೆ ಹೋಗುವ ಹಾಗೆಯೇ ಇದೂ.

ಬರಿಯ ಉಕ್ಕು ಮತ್ತು ಸಣ್ಣ ಸಾಮಾನು

ಲೇಪವಿಲ್ಲದ ನಟ್ಟು, ಬೋಲ್ಟುಗಳಿಗೆ ತುಕ್ಕು ಹಿಡಿದಿದ್ದರೆ ಕಿರಾಣಿ ಅಂಗಡಿಯ ನಿಂಬೆಉಪ್ಪು ಒಳ್ಳೆಯ ಸಾಧನ. ಅದು ಸಿಟ್ರಿಕ್ ಆಮ್ಲ. ಪ್ಲಾಸ್ಟಿಕ್ ಡಬ್ಬದಲ್ಲಿ ಒಂದು ಲೀಟರ್ ಬೆಚ್ಚಗಿನ ನೀರಿಗೆ ಸುಮಾರು 50 ಗ್ರಾಂ ಹಾಕಿ, ಜಿಡ್ಡು ತೆಗೆದ ಸಾಮಾನನ್ನು ನೆನೆಸಿ. ಗಂಟೆಗೊಮ್ಮೆ ತೆಗೆದು ನೋಡಿ, ಬ್ರಷ್‌ನಲ್ಲಿ ತಿಕ್ಕಿ. ತುಕ್ಕು ಬಿಟ್ಟ ಕೂಡಲೇ ತೊಳೆದು, ಒಣಗಿಸಿ, ಎಣ್ಣೆ ಸವರಿ. ಎಣ್ಣೆ ಸವರದೆ ಬಿಟ್ಟರೆ ಬರಿಮೈ ಉಕ್ಕಿಗೆ ಕೆಲವೇ ಗಂಟೆಗಳಲ್ಲಿ ಹೊಸ ತುಕ್ಕು ಬರುತ್ತದೆ. ಸತುವಿನ ಲೇಪ ಇರುವುದನ್ನು ಇದರಲ್ಲಿ ಹಾಕಬೇಡಿ, ಲೇಪವೂ ಕರಗುತ್ತದೆ. ಸ್ಪ್ರಿಂಗುಗಳನ್ನೂ ಹಾಕಬೇಡಿ, ಆಮ್ಲ ತಾಗಿದ ಗಟ್ಟಿ ಉಕ್ಕು ಪೆಡಸಾಗಿ ಮುರಿಯಬಹುದು.

ಕಾರ್ಬೊರೇಟರಿನ ಹಿತ್ತಾಳೆ ಜೆಟ್ಟನ್ನು ಹೊಳಪಿಗಾಗಿ ಮುಟ್ಟುವುದೇ ಬೇಡ. ಅದರ ತೂತಿನ ಅಳತೆಯ ಮೇಲೆ ಗಾಡಿ ಓಡುತ್ತದೆ. ತಂತಿ ತೂರಿಸಿದರೆ ತೂತು ದೊಡ್ಡದಾಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ಆಸಿಡ್ ಎಂಬ ಅಡ್ಡದಾರಿ

‘ಆಸಿಡ್ ಹಾಕಿದ್ರೆ ಐದು ನಿಮಿಷದ ಕೆಲಸ ಸಾರ್’ ಎಂದು ಹೇಳುವವರು ಎಲ್ಲ ಊರಿನಲ್ಲೂ ಇದ್ದಾರೆ. ಕಕ್ಕಸು ತೊಳೆಯಲು ಮಾರುವ ಆಸಿಡ್‌ನಲ್ಲಿ ಹೆಚ್ಚಾಗಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದು ತುಕ್ಕನ್ನು ಕರಗಿಸುವುದು ನಿಜ. ಕ್ರೋಮಿಯಂ ಪದರವನ್ನೂ ಕರಗಿಸುತ್ತದೆ ಎಂಬುದೂ ಅಷ್ಟೇ ನಿಜ. ಲೇಪದ ಕಾರ್ಖಾನೆಗಳಲ್ಲಿ ಹಳೆಯ ಕ್ರೋಮಿಯಂ ತೆಗೆಯಲು ಇದೇ ಆಮ್ಲವನ್ನು ಬಳಸುತ್ತಾರೆ. ಐದು ನಿಮಿಷ ಹೊಳೆದ ಹ್ಯಾಂಡಲ್ ಮುಂದಿನ ಮಳೆಗಾಲಕ್ಕೆ ಕೆಂಪಾಗುತ್ತದೆ. ಆಸಿಡ್ ಜೊತೆಗೆ ಬ್ಲೀಚಿಂಗ್ ಪುಡಿ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣ ತೆಗೆಯಬಲ್ಲದು.

ಲೇಪ ಪೂರ್ತಿ ಹೋದಾಗ ದಾರಿ ಏನು? ಕಲಾಯಿಯವರನ್ನು ನೆನೆಯಿರಿ. ತಾಮ್ರದ ಹಂಡೆ, ದೇಗಿನ ಕಲಾಯಿ ಸವೆದರೆ ಅದನ್ನು ಯಾರೂ ಇನ್ನಷ್ಟು ತಿಕ್ಕುವುದಿಲ್ಲ. ಕಲಾಯಿಯವರು ಪಾತ್ರೆ ಕಾಯಿಸಿ, ನವಸಾಗರ ಹಾಕಿ ಉಜ್ಜಿ, ಹೊಸದಾಗಿ ತವರ ಎಳೆಯುತ್ತಾರೆ. ಕ್ರೋಮಿಯಂ ವಿಷಯವೂ ಹಾಗೆಯೇ. ಹಳೆಯ ಲೇಪ ತೆಗೆದು, ಬಫಿಂಗ್ ಮಾಡಿ, ನಿಕ್ಕಲ್, ಕ್ರೋಮಿಯಂ ಮತ್ತೆ ಹಾಕಬೇಕು. ಅದನ್ನು ವಿದ್ಯುತ್ ಲೇಪನದ ಕಾರ್ಖಾನೆಯಲ್ಲೇ ಮಾಡಿಸಬೇಕು, ಮನೆಯ ಹಿತ್ತಲಲ್ಲಿ ಅಲ್ಲ. ಆ ತೊಟ್ಟಿಗಳಲ್ಲಿ ಬಹುಕಾಲದಿಂದ ಬಳಸುತ್ತ ಬಂದಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಶ್ವಾಸಕೋಶದ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ತುಮಕೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿರುವ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಬೆರೆತಿರುವುದು ಅಧ್ಯಯನಗಳಲ್ಲಿ ದಾಖಲಾಗಿದೆ. ನಮ್ಮ ಹ್ಯಾಂಡಲ್ಲಿನ ಹೊಳಪಿಗೆ ಬೇರೊಬ್ಬರ ಬಾವಿ ಬೆಲೆ ತೆರಬಾರದು. ಆದ್ದರಿಂದ ಇರುವ ಲೇಪವನ್ನು ಜೋಪಾನ ಮಾಡುವುದು ಹಣದ ಉಳಿತಾಯ ಮಾತ್ರವಲ್ಲ.

ಉಜ್ಜಬಾರದ ಎರಡು ಜಾಗ

ಮೊದಲನೆಯದು, ಎಂಜಿನ್ ಮತ್ತು ಚಾಸಿಸ್ ಮೇಲೆ ಒತ್ತಿದ ಸಂಖ್ಯೆ. ಎಂಜಿನ್ ಸಂಖ್ಯೆ ಅಲ್ಯೂಮಿನಿಯಂ ಮೇಲೆ ಒತ್ತಿದ್ದರೆ 600ರ ಕಾಗದ ಅದನ್ನು ಅಳಿಸಬಲ್ಲದು. ಸಂಖ್ಯೆ ಅಳಿದ ಗಾಡಿ ಎಷ್ಟೇ ಹೊಳೆದರೂ ನೋಂದಣಿ ನವೀಕರಣಕ್ಕೆ ಹೋದಾಗ ಕಷ್ಟ, ಕದ್ದ ಗಾಡಿ ಎಂಬ ಅನುಮಾನವೂ ಬರುತ್ತದೆ. ದ್ವಿಚಕ್ರ ವಾಹನದ ನೋಂದಣಿ 15 ವರ್ಷಕ್ಕೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ಅದರಲ್ಲಿ ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಮೂಲ ರೂಪ ಎಂಬ ಮಾತನ್ನು ಗಮನಿಸಿ. ಅಜ್ಜನ ಕಾಲದ ಜಾವಾ ಮನೆಯಲ್ಲಿದ್ದರೆ ಸಂಖ್ಯೆಯ ಮೇಲೆ ಟೇಪು ಅಂಟಿಸಿ ಆಮೇಲೆ ಕಾಗದ ಹಿಡಿಯಿರಿ.

ಎರಡನೆಯದು, ಬ್ರೇಕ್ ಡ್ರಮ್ಮಿನ ಒಳಭಾಗ. ಹಳೆಯ ಗಾಡಿಗಳ ಬ್ರೇಕ್ ಲೈನರುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಬಳಸುತ್ತಿದ್ದರು. ಡ್ರಮ್ಮು ಬಿಚ್ಚಿದಾಗ ಕಾಣುವ ಬೂದು ಪುಡಿಯನ್ನು ಬಾಯಿಂದ ಊದುವುದು, ಗಾಳಿಯ ಪೈಪು ಹಿಡಿಯುವುದು, ನೆಲಕ್ಕೆ ಬಡಿಯುವುದು ಎಲ್ಲ ಗ್ಯಾರೇಜುಗಳ ಅಭ್ಯಾಸ. ಕಲ್ನಾರಿನ ಎಳೆ ಉಸಿರಿನಲ್ಲಿ ಒಳಹೋದರೆ ಅದರ ಕಾಯಿಲೆ ಹತ್ತಾರು ವರ್ಷ ಬಿಟ್ಟು ತಲೆ ಎತ್ತುತ್ತದೆ. ಹದಿನಾರರ ಹುಡುಗ ಊದಿದ ಪುಡಿಗೆ ಐವತ್ತರ ತಂದೆ ದಂಡ ತೆರುತ್ತಾನೆ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಆ ಬಟ್ಟೆಯನ್ನು ಒದ್ದೆಯಾಗಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಿ. ಮನೆಯ ಬಟ್ಟೆಯ ಜೊತೆ ಒಗೆಯಬೇಡಿ.

ಬಫಿಂಗ್ ಚಕ್ರದ ಮುಂದೆ ನಿಲ್ಲುವವರಿಗೆ ಕನ್ನಡಕ, ಮಾಸ್ಕ್ ಬೇಕೇ ಬೇಕು. ಜೋಲುವ ತೋಳು, ಮಫ್ಲರು, ದುಪಟ್ಟಾ ಚಕ್ರಕ್ಕೆ ಸಿಗಬಾರದು. ಅಲ್ಯೂಮಿನಿಯಂನ ನಯವಾದ ಪುಡಿ ಹೊತ್ತಿಕೊಳ್ಳುವ ವಸ್ತು. ಅದು ಮೂಲೆಯಲ್ಲಿ ರಾಶಿ ಬೀಳಲು ಬಿಡಬಾರದು, ಹತ್ತಿರದಲ್ಲಿ ಬೀಡಿ ಸೇದಬಾರದು.

ಪೋಷಕರಿಗೂ ದಾನಿಗಳಿಗೂ ಒಂದು ಮಾತು

ಮಗ ಗ್ಯಾರೇಜಿನಲ್ಲಿ ಕೆಲಸ ಕಲಿಯುವುದನ್ನು ನಾವು ಕೀಳು ಎಂದು ಎಣಿಸುವುದಿಲ್ಲ. ಒಳ್ಳೆಯ ಮೆಕ್ಯಾನಿಕ್‌ನ ಕೈಗೂ ಒಳ್ಳೆಯ ವೈದ್ಯನ ಕೈಗೂ ಬೇಕಾದ ಗುಣ ಒಂದೇ: ಮೊದಲು ಪರೀಕ್ಷೆ, ಆಮೇಲೆ ಔಷಧಿ. ಆದರೆ ಶಾಲೆ ಬಿಡಿಸಿ ಕಳಿಸುವುದು ಬೇರೆ ಮಾತು. 2016ರ ತಿದ್ದುಪಡಿಯ ನಂತರ ಬಾಲಕಾರ್ಮಿಕ ಕಾಯಿದೆಯ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಇಂಥ ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ; 14ರಿಂದ 18ರವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನಿಗೆ ಐಟಿಐಯಲ್ಲಿ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಎಂಬ 2 ವರ್ಷದ ತರಬೇತಿ ಇದೆ. ಅದೇ ಕೆಲಸವನ್ನು ಪ್ರಮಾಣಪತ್ರದೊಂದಿಗೆ, ಕನ್ನಡಕ ಮತ್ತು ಕೈಗವಸಿನೊಂದಿಗೆ ಮಾಡುವವನ ಸಂಬಳವೂ ಬೇರೆ, ಆಯುಸ್ಸೂ ಬೇರೆ. ಐಟಿಐ, ಡಿಪ್ಲೊಮಾ ಸೇರುವವರೂ ಈ ವರದಿಯ ಕೊನೆಯಲ್ಲಿರುವ ವಿದ್ಯಾರ್ಥಿವೇತನದ ಸೂಚನೆಯನ್ನು ತಪ್ಪದೆ ಓದಬೇಕು.

ದಾನಿಗಳು ಉಪಕರಣದ ಪೆಟ್ಟಿಗೆ ಕೊಡಿಸಲು ಇಚ್ಛಿಸಿದರೆ ಸ್ಪಾನರುಗಳ ಜೊತೆಗೆ ಒಂದು ಕನ್ನಡಕ, ಒಂದು ಒಳ್ಳೆಯ ಮಾಸ್ಕ್, ಒಂದು ಜೊತೆ ಕೈಗವಸನ್ನೂ ಸೇರಿಸಬೇಕೆಂದು ನಮ್ಮ ಕೋರಿಕೆ. ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯ ಸಾಮಾನುಗಳು ಇವೇ, ಹೆಚ್ಚು ದಿನ ನೆನೆಯುವಂಥವೂ ಇವೇ.

ಹಳೆಯ ಗಾಡಿಯನ್ನು ಮಾರುವವರಿಗೂ ಹೇಳುವುದಿದೆ. ಮಗಳ ಫೀಸಿಗೋ ಆಸ್ಪತ್ರೆ ಖರ್ಚಿಗೋ ಗಾಡಿ ಮಾರಬೇಕಾಗಿ ಬಂದಾಗ ತೊಳೆದು, ಒರೆಸಿ, ಹೊಳಪು ಕೊಟ್ಟು ಮಾರುವುದು ನ್ಯಾಯವೇ. ಆದರೆ ತೂತು ಬಿದ್ದ ಸೈಲೆನ್ಸರಿಗೆ ಮೇಣ ತುಂಬಿ, ಕೊಳೆತ ಚಾಸಿಸ್ಸಿಗೆ ಬಣ್ಣ ಬಳಿದು ಮುಚ್ಚಿದರೆ ಕೊಂಡವನ ಪ್ರಾಣಕ್ಕೆ ಕುತ್ತು. ದೋಷ ತೋರಿಸಿ ಮಾರಿದರೆ ಬೆಲೆ ತುಸು ಕಡಿಮೆ ಬರಬಹುದು, ಬರಕತ್ತು ಕಡಿಮೆಯಾಗುವುದಿಲ್ಲ.

ವಿದ್ಯಾರ್ಥಿಗಳಿಗೆ ಅಭ್ಯಾಸ

1. ಮೂರು ಗಾಜಿನ ಶೀಸೆಗಳಲ್ಲಿ ಒಂದೊಂದು ಹೊಸ ಕಬ್ಬಿಣದ ಮೊಳೆ ಹಾಕಿ. ಮೊದಲನೆಯದಕ್ಕೆ ಮೊಳೆ ಅರ್ಧ ಮುಳುಗುವಷ್ಟು ನೀರು. ಎರಡನೆಯದಕ್ಕೆ ಕುದಿಸಿ ಆರಿಸಿದ ನೀರು ತುಂಬಿ ಮೇಲೆ ಎಣ್ಣೆಯ ಪದರ. ಮೂರನೆಯದನ್ನು ಒಣಗಿಸಿ ಬಿಗಿಯಾಗಿ ಮುಚ್ಚಿ. ಐದು ದಿನದ ನಂತರ ಯಾವುದಕ್ಕೆ ತುಕ್ಕು ಹಿಡಿದಿದೆ? ತುಕ್ಕಿಗೆ ಬೇಕಾದ ಎರಡು ವಸ್ತುಗಳು ಯಾವುವು?

2. ಸತುವಿನ ಲೇಪಕ್ಕೆ ಗೀರು ಬಿದ್ದರೂ ಕಬ್ಬಿಣ ಉಳಿಯುತ್ತದೆ, ನಿಕ್ಕಲ್ ಲೇಪಕ್ಕೆ ಗೀರು ಬಿದ್ದರೆ ಉಳಿಯುವುದಿಲ್ಲ. ಕ್ರಿಯಾಶೀಲತಾ ಸರಣಿಯ ಸಹಾಯದಿಂದ ಕಾರಣ ಬರೆಯಿರಿ.

3. ಹುಣಸೆಹಣ್ಣು ಹಿತ್ತಾಳೆಗೆ ಸರಿ, ಅಲ್ಯೂಮಿನಿಯಂಗೆ ಸಲ್ಲದು. ಏಕೆ?

4. ಒಂದು ಅಯಸ್ಕಾಂತ ಹಿಡಿದು ನಿಮ್ಮ ಮನೆಯ ಅಥವಾ ನೆರೆಮನೆಯ ಗಾಡಿಯ ಹತ್ತು ಭಾಗಗಳನ್ನು ಪರೀಕ್ಷಿಸಿ. ಭಾಗದ ಹೆಸರು, ಲೋಹ, ಮೇಲಿನ ಲೇಪ, ಶುಚಿಗೊಳಿಸುವ ವಿಧಾನ ಎಂದು ನಾಲ್ಕು ಕಾಲಂಗಳ ಪಟ್ಟಿ ಮಾಡಿ ನಿಮ್ಮ ವಿಜ್ಞಾನದ ಶಿಕ್ಷಕರಿಗೆ ತೋರಿಸಿ. ಪರೀಕ್ಷಿಸುವ ಮೊದಲು ಗಾಡಿಯ ಮಾಲೀಕರ ಅನುಮತಿ ಪಡೆಯಿರಿ, ಎಂಜಿನ್ ತಣ್ಣಗಿರಲಿ.

ಈ ನಾಲ್ಕನೆಯ ಪಟ್ಟಿಯನ್ನು ಅಪ್ಪನ ಅಥವಾ ಚಾಚಾನ ಜೊತೆ ಕೂತು ಮಾಡಿದರೆ ಇನ್ನೂ ಒಳ್ಳೆಯದು. ಪುಸ್ತಕ ಓದಿದವರಿಗೆ ತಿಳಿಯದ್ದು ಅವರಿಗೆ ತಿಳಿದಿರುತ್ತದೆ, ಅವರಿಗೆ ತಿಳಿಯದ ಹೆಸರುಗಳನ್ನು ನೀವು ಹೇಳಿಕೊಡಬಹುದು.